ಫೆಬ್ರವರಿಯ ಹುಲ್ಲು

"ಬುದ್ಧಿ, ನನಗೆ ದೀಕ್ಷೆ ಕೊಡಲು ಇನ್ನೂ ಯಾಕೆ ತಡ ಮಾಡುತ್ತಿದ್ದೀರಿ?" ಎಂದು ಮರುಳಸಿದ್ಧ ಕೇಳಿದ.

ಅವನು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಮಠಕ್ಕೆ ಬರಲು ಶುರುಮಾಡಿ ಐದು ತಿಂಗಳಾಗಿತ್ತು. ಕೆಲಸ ಬಿಟ್ಟು, ನಿಶ್ಚಯವಾಗಿದ್ದ ಮದುವೆಯನ್ನೂ ಬಿಟ್ಟು, ಬಾಳೆಲ್ಲ ಗುರುಗಳ ಬಳಿಯೇ ಕಳೆಯುವುದೆಂದು ತೀರ್ಮಾನಿಸಿದ್ದ. "ನಿಮ್ಮಂಥ ಶಾಂತಮೂರ್ತಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಮೊದಲ ದಿನವೇ ಮನಸ್ಸು ಇಲ್ಲಿ ನಿಂತುಬಿಟ್ಟಿತು. ಇನ್ನು ಕಾಯುವುದಕ್ಕೆ ಏನಿದೆ?" ಎಂದ.

"ಕೂತುಕೋ. ಗಾಲ್ಫ್ ಆಟದ ಒಂದು ಕತೆ ಹೇಳುತ್ತೇನೆ" ಎಂದರು ಗುರುಗಳು. ಮರುಳಸಿದ್ಧನ ಮುಖ ನೋಡಿ, "ಸ್ವಾಮಿಗೇಕೆ ಗಾಲ್ಫ್ ಎಂದು ತಾನೆ ನಗು? ಕತೆಗೆ ಮಡಿ ಮೈಲಿಗೆ ಇಲ್ಲ, ಕೇಳು" ಎಂದು ಶುರುಮಾಡಿದರು.

ದೂರದ ಉತ್ತರದಲ್ಲಿ ಫಿನ್ಲೆಂಡ್ ಎಂಬ ದೇಶವಿದೆ. ಅಲ್ಲಿ ವರ್ಷದ ಹೆಚ್ಚುಕಡಿಮೆ ಅರ್ಧ ಕಾಲ ನೆಲ ಹಿಮದಡಿ ಇರುತ್ತದೆ. ಅಂಥ ಕಡೆ ಗಾಲ್ಫ್ ಆಡುವ ಆಸೆ ಹುಟ್ಟಿದ್ದೇ ಒಂದು ಸೋಜಿಗ. ಮೊದಮೊದಲು ರಾಜಧಾನಿಯ ಉಳ್ಳವರು ಆಡಿದರು. ಆಮೇಲೆ ಸಣ್ಣ ಊರಿನ ಅಂಚೆಯವನಿಗೂ ಬ್ರೆಡ್ ಸುಡುವವನಿಗೂ ಆ ಹುಚ್ಚು ಹಿಡಿಯಿತು. ಕೋಲಿನಿಂದ ಚೆಂಡನ್ನು ಹೊಡೆದು, ಅದರ ಹಿಂದೆ ನಡೆದು, ಕೊನೆಗೆ ಒಂದು ಕುಳಿಗೆ ಬೀಳಿಸುವುದು, ಇಷ್ಟೇ ಆಟ. ಕುಳಿಯ ಸುತ್ತ ಹುಲ್ಲನ್ನು ಜಮಖಾನೆಯ ಹಾಗೆ ನುಣ್ಣಗೆ ಕತ್ತರಿಸಿರುತ್ತಾರೆ. ಅದಕ್ಕೆ ಗ್ರೀನ್ ಎನ್ನುತ್ತಾರೆ. ಗ್ರೀನ್ ಸತ್ತರೆ ಆಟವಿಲ್ಲ.

ಒಂದು ಊರಿನವರು ತಮಗೂ ಒಂಬತ್ತು ಕುಳಿಗಳ ಮೈದಾನ ಬೇಕೆಂದರು. ಹಸು ಸಾಕಿಕೊಂಡಿದ್ದ ಒಬ್ಬ ಹೆಂಗಸು ಹಸುಗಳನ್ನು ಮಾರಿ ತನ್ನ ಹುಲ್ಲುಗಾವಲನ್ನು ಊರಿಗೆ ಬಿಟ್ಟುಕೊಟ್ಟಳು. ಬದಲಿಗೆ ಮೈದಾನದ ಹುಲ್ಲು ನೋಡಿಕೊಳ್ಳುವ ಕೆಲಸ ಅವಳದಾಯಿತು. ಮೈದಾನ ಉಳಿದರೆ ಅವಳಿಗೆ ಅನ್ನ. ಉಳಿಯದಿದ್ದರೆ ಹಸುವೂ ಇಲ್ಲ, ನೆಲವೂ ಇಲ್ಲ.

ಮೈದಾನದ ನಕ್ಷೆ ಬರೆಯಲು ರಾಜಧಾನಿಯಿಂದ ಒಬ್ಬ ವಿನ್ಯಾಸಕಾರ ಬಂದ. ಬಂದದ್ದು ಜೂನ್‌ನಲ್ಲಿ. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದನ್ನು ಮರೆಯುತ್ತಾನೆ, ಜನ ಚಳಿಗಾಲವನ್ನು ಮರೆಯುತ್ತಾರೆ. ಅಲ್ಲೇ ಹುಟ್ಟಿ ಬೆಳೆದವರೂ ಮರೆಯುತ್ತಾರೆ. ಹಾಗೆ ಮರೆಯದಿದ್ದರೆ ಮುಂದಿನ ಚಳಿಗಾಲಕ್ಕೆ ಜೀವ ಗಟ್ಟಿ ಮಾಡಿಕೊಳ್ಳುವುದು ಕಷ್ಟವೇನೋ.

ವಿನ್ಯಾಸಕಾರ ಹತ್ತು ದಿನ ನೆಲವನ್ನು ನಡೆದು ನೋಡಿದ. ಸುತ್ತ ಮರ, ನಡುವೆ ಬಟ್ಟಲಿನಂಥ ತಗ್ಗು, ಅಲ್ಲಿ ಗಾಳಿಯ ಕಾಟವಿಲ್ಲ. ಅಂಥ ತಗ್ಗುಗಳಿಗೆ ಅವನು ಮನಸೋತ. ಒಂಬತ್ತು ಗ್ರೀನ್‌ಗಳಲ್ಲಿ ಆರನ್ನು ತಗ್ಗುಗಳಲ್ಲೇ ಇಟ್ಟ. ಸದಾ ಗಾಳಿ ಹೊಡೆಯುವ ಬೋಳು ದಿಬ್ಬವನ್ನು ಕೆಲಸಕ್ಕೆ ಬಾರದ್ದೆಂದು ಬಿಟ್ಟ.

"ನೆಲ ಅಗೆಯೋಕೆ ಮುಂಚೆ ಫೆಬ್ರವರಿಯಲ್ಲಿ ಒಂದು ಸಲ ಬಂದು ನೋಡಿ" ಎಂದಳು ಆ ಹೆಂಗಸು.

"ಫೆಬ್ರವರಿಯಲ್ಲಿ ನೋಡೋಕೆ ಏನಮ್ಮ ಇರುತ್ತೆ? ಎಲ್ಲ ಬರೀ ಬಿಳಿ. ಆಟ ಆಡೋದು ಹುಲ್ಲಿನ ಮೇಲೆ ತಾನೆ?" ಎಂದು ಅವನು ನಕ್ಕ.

ಹಿತ್ತಲ ಗಿಡ ಮದ್ದಲ್ಲ. ಊರವರು ಯಾರೂ ಅವಳ ಪರವಾಗಿ ಮಾತಾಡಲಿಲ್ಲ. ಶನಿವಾರಗಳಂದು ಊರಿಗೆ ಊರೇ ಬಂದು ಕಲ್ಲು ಹೆಕ್ಕಿತು, ಮಣ್ಣು ಹೊತ್ತಿತು. ಅಲ್ಲಿಯ ಪದ್ಧತಿ ಹಾಗೆ. ಕೂಲಿ ಇಲ್ಲ, ಮಧ್ಯಾಹ್ನಕ್ಕೆ ಎಲ್ಲರಿಗೂ ಬಟಾಣಿ ಸಾರು. ಮೈದಾನ ಎದ್ದಿತು. ಅಕ್ಕಪಕ್ಕದ ಊರಿನವರು ಬಂದು ತಗ್ಗಿನ ಗ್ರೀನ್‌ಗಳ ಅಂದವನ್ನು ಹೊಗಳಿದರು.

ಚಳಿಗಾಲದ ನಡುವೆ ಎರಡು ದಿನ ಬೆಚ್ಚಗಾಗಿ ಹಿಮ ಕರಗಿತು. ಕರಗಿದ ನೀರು ತಗ್ಗಿಗೆ ಇಳಿದು ಅಲ್ಲೇ ಮಂಜುಗಡ್ಡೆಯಾಗಿ ಕೂತಿತು. ಗಡ್ಡೆಯಡಿ ಹುಲ್ಲು ಉಸಿರುಕಟ್ಟಿ ಸತ್ತಿತು. ಏಪ್ರಿಲ್ ಕೊನೆಗೆ ಆ ಆರು ಗ್ರೀನ್‌ಗಳೂ ಕೊಳೆತು ನಾರುತ್ತಿದ್ದವು.

ಬೀಜ ಸರಿಯಿಲ್ಲ ಎಂದು ವಿನ್ಯಾಸಕಾರ ರಾಜಧಾನಿಯಿಂದ ಬರೆದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ನೆಲ ನಿಜವಾಗಿಯೂ ಡೊಂಕಾಗಿತ್ತು, ಅವನು ಬೈದದ್ದು ಬೀಜವನ್ನು! ಬೇರೆ ಬೀಜ ಬಿತ್ತಿದರು. ಮರುವರ್ಷವೂ ಅದೇ ಕತೆ. ಇನ್ನೊಂದು ಸಲ ಹೀಗಾದರೆ ಮೈದಾನ ಮುಚ್ಚಿ ಮರದ ಸಸಿ ನೆಡುವುದು ಎಂದು ಊರವರು ಕೂತು ತೀರ್ಮಾನಿಸಿದರು. ಅವರನ್ನು ದೂರುವಂತಿಲ್ಲ, ಕಲ್ಲು ಹೊತ್ತ ಬೆನ್ನು ಅವರದು. ಆದರೆ ಆ ಹೆಂಗಸಿಗೆ ಅನ್ನ ಇಳಿಯಲಿಲ್ಲ. ಮೂರನೆಯ ಚಳಿಗಾಲದಲ್ಲಿ ಅವಳು ವಿನ್ಯಾಸಕಾರನಿಗೆ ಒಂದೇ ಸಾಲಿನ ಕಾಗದ ಬರೆದಳು: "ಈಗಲಾದರೂ ಬನ್ನಿ."

ಫೆಬ್ರವರಿಯಲ್ಲಿ ಅವನು ಬಂದ. ಅವಳು ಮೈದಾನಕ್ಕೆ ಕರೆದೊಯ್ಯಲಿಲ್ಲ. ಅಡುಗೆಮನೆಯಲ್ಲಿ ಕೂರಿಸಿ ಕಾಫಿ ಕೊಟ್ಟಳು. ಕಿಟಕಿಯಲ್ಲಿ ಹತ್ತು ಡಬ್ಬಿಗಳಿದ್ದವು, ಒಂದೊಂದರಲ್ಲೂ ಹುಲ್ಲಿನ ಒಂದು ಹೆಂಟೆ. ಹಿಮ ಸರಿಸಿ, ಹೆಪ್ಪುಗಟ್ಟಿದ ನೆಲವನ್ನು ಕೊಡಲಿಯಿಂದ ಕಡಿದು ಅವಳು ತಂದವು. ಎರಡು ವಾರ ಬೆಚ್ಚಗಿಟ್ಟರೆ ಬೇರಿನಲ್ಲಿ ಜೀವವಿದ್ದದ್ದು ಚಿಗುರುತ್ತದೆ. ಆರು ಡಬ್ಬಿಗಳಲ್ಲಿ ಹುಲ್ಲು ಒಣಗಿ ಕಂದುಬಣ್ಣಕ್ಕೆ ತಿರುಗಿತ್ತು. ಮೂರರಲ್ಲಿ ಅಷ್ಟಿಷ್ಟು ಚಿಗುರಿತ್ತು. ಹತ್ತನೆಯದರಲ್ಲಿ ಬೆರಳುದ್ದ ಬೆಳೆದಿತ್ತು.

"ಗ್ರೀನ್ ಇರೋದು ಒಂಬತ್ತು. ಇದು ಎಲ್ಲಿಯದು?" ಎಂದು ಅವನು ಕೇಳಿದ.

"ನೀವು ಬೇಡ ಅಂದ ದಿಬ್ಬದ್ದು. ಗಾಳಿ ಅಲ್ಲಿ ಹಿಮ ನಿಲ್ಲೋಕೆ ಬಿಡಲ್ಲ, ನೀರೂ ನಿಲ್ಲಲ್ಲ. ಬೇಸಗೆ ಬಂದರೆ ನನ್ನ ಹಸುಗಳು ಮೊದಲು ಹತ್ತುತ್ತಾ ಇದ್ದದ್ದೇ ಆ ದಿಬ್ಬವನ್ನ" ಎಂದಳು.

ಅವನಿಗೆ ತುಂಬ ನಾಚಿಕೆಯಾಯಿತು. ಮೂರು ದಿನ ಅವಳ ಹಿಂದೆ ಹಿಮದಲ್ಲಿ ನಡೆದ. ಗಾಳಿ ಎಲ್ಲಿ ಹಿಮವನ್ನು ಗುಡಿಸುತ್ತದೆ, ನೀರು ಎಲ್ಲಿಗೆ ಇಳಿಯುತ್ತದೆ ಎಂದು ಗುರುತು ಹಾಕಿಕೊಂಡ. ಆಮೇಲೆ ಊರವರನ್ನು ಸೇರಿಸಿ, "ತಪ್ಪು ಬೀಜದ್ದಲ್ಲ, ನನ್ನದು. ಇನ್ನೊಂದು ಬೇಸಗೆ ಕೊಡಿ, ನಾನೂ ನಿಮ್ಮ ಜೊತೆ ಕಲ್ಲು ಹೊರುತ್ತೇನೆ" ಎಂದ. ಊರವರು ಗೊಣಗಿದರು, ಆದರೆ ಒಪ್ಪಿದರು. ಆರು ಗ್ರೀನ್‌ಗಳೂ ಮೇಲಕ್ಕೆ ಹೋದವು. ಹಳೆಯವುಗಳಷ್ಟು ಅಂದವಿಲ್ಲ. ಗಾಳಿಗೆ ಚೆಂಡು ಎಲ್ಲೆಲ್ಲಿಗೋ ಹೋಗುತ್ತದೆ ಎಂದು ಆಡುವವರು ಈಗಲೂ ಬೈಯುತ್ತಾರೆ. ಆದರೆ ಏಪ್ರಿಲ್‌ನಲ್ಲಿ ಅಲ್ಲಿ ಹುಲ್ಲು ಬದುಕಿರುತ್ತದೆ, ಆ ಹೆಂಗಸಿಗೆ ಕೆಲಸವೂ ಇದೆ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ಮರುಳಸಿದ್ಧ ಕೈಮುಗಿದ. "ಅರ್ಥವಾಯಿತು ಬುದ್ಧಿ. ನನ್ನ ಕಷ್ಟಕಾಲವನ್ನು ನೀವಿನ್ನೂ ನೋಡಿಲ್ಲ. ಪರೀಕ್ಷೆ ಮಾಡಿ, ಎಷ್ಟು ವರ್ಷವಾದರೂ ಸರಿ, ನಾನು ತಯಾರಿದ್ದೇನೆ" ಎಂದ.

"ನಿನ್ನ ಮಾತು ಹಾಗಿರಲಿ ಮಗ, ನನಗೆ ಸಿಟ್ಟು ಬಂದದ್ದನ್ನು ನೀನಿನ್ನೂ ನೋಡಿಲ್ಲ" ಎಂದರು ಗುರುಗಳು.