ಮರುಭೂಮಿಯ ಅಂಚಿನಲ್ಲಿ ತಿರುಗಿದ ಜೋಲಿಬಾ

ಭೂಮಿಯ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ. ಬೆಟ್ಟಗಳು ಆಗಷ್ಟೇ ಎದ್ದು ಕೂತಿದ್ದವು. ಯಾವ ಹೊಳೆ ಯಾವ ಕಡೆ ಹರಿಯಬೇಕು ಎಂದು ಯಾರೂ ಹೇಳಿರಲಿಲ್ಲ. ಹೊಳೆಗಳೇ ಯೋಚನೆ ಮಾಡಿ ದಾರಿ ಹಿಡಿಯುತ್ತಿದ್ದವು.

ಆ ಕಾಲದಲ್ಲಿ ಪಶ್ಚಿಮ ಆಫ್ರಿಕದ ಬಡಗಣ ಬಯಲಿನಲ್ಲಿ ತಕ್ಕೋ ಎಂಬ ಹೆಂಗಸಿದ್ದಳು. ಅವಳು ಫುಲಾನಿ ಜನದವಳು. ಫುಲಾನಿಗಳು ದನ ಮೇಯಿಸುವವರು. ಅವರ ಬಯಲಿನಲ್ಲಿ ಮಳೆಗಾಲಕ್ಕೆ ಒಳ್ಳೆಯ ಹುಲ್ಲು ಬೆಳೆಯುತ್ತಿತ್ತು. ಮಳೆ ನಿಂತ ಮೇಲೆ ಹುಲ್ಲೂ ಇಲ್ಲ, ನೀರೂ ಇಲ್ಲ.

ಆ ವರ್ಷ ಬಾವಿಯ ತಳದಲ್ಲಿ ಬರೀ ಕೆಸರು ಉಳಿಯಿತು. ತಕ್ಕೋಳ ಕಣ್ಣೆದುರೇ ಎರಡು ಕರುಗಳು ಮಲಗಿದವು, ಮತ್ತೆ ಏಳಲಿಲ್ಲ.

"ಅಮ್ಮ, ತೆಂಕಣ ಬೆಟ್ಟದಲ್ಲಿ ಒಂದು ಹೊಳೆ ಹುಟ್ಟಿದೆಯಂತೆ. ಹೋಗಿ ಕರೆದುಕೊಂಡು ಬರ್ತೀನಿ" ಎಂದಳು ತಕ್ಕೋ.

ಅವಳ ತಾಯಿ ದಿಕ್ಕೋ ಕಣ್ಣಿಗೆ ಕೈ ಅಡ್ಡ ಹಿಡಿದು ದೂರ ನೋಡಿದಳು. "ಹೊಳೆ ಏನು ಹಸುವೇ, ಕರೆದರೆ ಹಿಂದೆ ಬರೋದಕ್ಕೆ?" ಎಂದಳು. ಆದರೂ ಇದ್ದ ಹಾಲನ್ನೆಲ್ಲ ಸೋರೆಬುರುಡೆಗೆ ತುಂಬಿ ಮಗಳ ಕೈಗೆ ಕೊಟ್ಟಳು.

ತಕ್ಕೋ ಗಟ್ಟಿಮುಟ್ಟಾದ ಕೆಲವು ಹಸುಗಳನ್ನು ಹೊಡೆದುಕೊಂಡು ನಡೆದಳು. ಮರಳು ದಾಟಿದಳು, ಬಯಲು ದಾಟಿದಳು, ಕಾಡು ದಾಟಿದಳು. ಕೊನೆಗೆ ಈಗಿನ ಗಿನಿ ದೇಶದ ಬೆಟ್ಟ ಸಿಕ್ಕಿತು.

ಅಲ್ಲಿ ಕಲ್ಲುಗಳ ನಡುವೆ ಜೋಲಿಬಾ ಎಂಬ ಪುಟ್ಟ ಹೊಳೆ ಆಡುತ್ತಿದ್ದಳು. ಕಡಲು ಅಲ್ಲಿಂದ ಹತ್ತಿರವೇ. ಪಡುವಣ ಗಾಳಿ ಬೀಸಿದಾಗ ಉಪ್ಪಿನ ವಾಸನೆ ಬರುತ್ತಿತ್ತು. "ಬಾ ಮಗಳೇ, ಬಾ" ಎಂದು ಕಡಲು ಕರೆಯುತ್ತಿತ್ತು. "ಇಗೋ ಬಂದೆ" ಎನ್ನುತ್ತಿದ್ದಳು ಜೋಲಿಬಾ.

"ತಂಗೀ, ಸ್ವಲ್ಪ ನಿಲ್ಲು" ಎಂದಳು ತಕ್ಕೋ. "ಕಡಲಿಗೆ ಬೇಕಾದಷ್ಟು ನೀರಿದೆ. ನಮ್ಮ ಕಡೆ ಕರುಗಳು ಸಾಯ್ತಾ ಇವೆ. ನಮ್ಮಲ್ಲಿಗೆ ಬಾ."

"ನಿಮ್ಮ ಊರು ಎಲ್ಲಿ ಅಕ್ಕ?"

"ಬಡಗಣಕ್ಕೆ. ಮರಳಿನ ಪಕ್ಕದಲ್ಲಿ."

"ಮರಳು ನನ್ನನ್ನು ಕುಡಿದುಬಿಟ್ಟರೆ?"

"ನಾನು ಮುಂದೆ ಇರ್ತೀನಿ. ಒಳ್ಳೆಯ ದಾರಿ ನೋಡಿ ಕರೆದುಕೊಂಡು ಹೋಗ್ತೀನಿ. ನಿನಗೆ ಕೇಡಾಗೋದಕ್ಕೆ ಬಿಡೋದಿಲ್ಲ" ಎಂದಳು ತಕ್ಕೋ.

ಜೋಲಿಬಾ ಕಡಲಿನ ಕಡೆ ಒಮ್ಮೆ ನೋಡಿದಳು. ಆಮೇಲೆ ಕಡಲಿಗೆ ಬೆನ್ನು ಮಾಡಿ ತಕ್ಕೋಳ ಹಿಂದೆ ಹೊರಟಳು.

ಹಸುಗಳು ಹಸಿ ಮಣ್ಣು ತುಳಿದಲ್ಲಿ ಹಳ್ಳವಾಯಿತು. ಆ ಹಳ್ಳದಲ್ಲಿ ಜೋಲಿಬಾ ಹರಿದಳು. ತಕ್ಕೋ ಮುಂದೆ, ಹಸುಗಳು ಅವಳ ಹಿಂದೆ, ಹೊಳೆ ಎಲ್ಲರ ಹಿಂದೆ. ದಾರಿಯಲ್ಲಿ ಚಿಕ್ಕ ತೊರೆಗಳು ಸೇರಿಕೊಂಡವು. ಜೋಲಿಬಾ ಅಗಲವಾದಳು, ಆಳವಾದಳು.

ಈಗಿನ ಮಾಲಿ ದೇಶದ ನಡುವೆ ನೆಲ ಚಪ್ಪಟೆಯಾಗಿದೆ. ಅಲ್ಲಿ ಜೋಲಿಬಾ ದಣಿದು ಕೈಕಾಲು ಚಾಚಿ ಮಲಗಿಬಿಟ್ಟಳು. ನೀರು ಎಲ್ಲೆಲ್ಲೂ ಹರಡಿ ಕೆರೆಗಳಾದವು. ಬೋಜೋ ಎಂಬ ಮೀನುಗಾರ ಜನ ಅಲ್ಲಿದ್ದರು. ಅವರ ಹಿರಿಯ ಕರಬೆಂತಾ ದೋಣಿಯಲ್ಲಿ ಬಂದ.

"ಅಮ್ಮಾ ತಾಯಿ, ಈ ಹೊಳೆಯನ್ನು ಇಲ್ಲೇ ಬಿಡು. ಮುಂದೆ ಬಿಸಿ ಹೆಚ್ಚು" ಎಂದ ಕರಬೆಂತಾ.

"ನಮ್ಮ ತಾಯಿ ಕಾಯ್ತಾ ಇದ್ದಾಳೆ, ಅಜ್ಜಾ" ಎಂದಳು ತಕ್ಕೋ. "ಜೋಲಿಬಾ, ಏಳು."

ಜೋಲಿಬಾ ಎದ್ದಳು. ಆದರೆ ಅವಳ ನೀರಲ್ಲಿ ಎಷ್ಟೋ ಪಾಲು ಆ ಬಯಲಿನಲ್ಲೇ ಉಳಿಯಿತು.

ಮರುಭೂಮಿಯ ಅಂಚು ಬಂತು. ಮರಳು ಹಳದಿ ಗುಡ್ಡಗಳಂತೆ ಬಿದ್ದುಕೊಂಡಿತ್ತು. ಹೊಳೆಯನ್ನು ಕಂಡು ಅದು ಮೆಲ್ಲಗೆ ನಕ್ಕಿತು.

"ಬಾರಮ್ಮ, ಬಾ. ನಿನ್ನನ್ನು ಯಾವಾಗಿನಿಂದ ಕಾಯ್ತಾ ಇದ್ದೆ" ಎಂದಿತು ಮರಳು.

ಒಣ ಗಾಳಿ ತಕ್ಕೋಳ ಹತ್ತಿರ ಬಂದು ನಿಂತಿತು. ಅದಕ್ಕೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. "ನಿನ್ನ ತಾಯಿಯ ಬಾವಿ ಈ ಗುಡ್ಡಗಳ ಆಚೆಗಿದೆ. ನಾನು ದಿನಾ ಅಲ್ಲಿ ಓಡಾಡ್ತೀನಿ. ಅಲ್ಲಿಗೆ ಮುಟ್ಟುವಾಗ ಈ ಹೊಳೆಯಲ್ಲಿ ಒಂದು ಹಸು ಕುಡಿಯುವಷ್ಟೂ ನೀರಿರೋದಿಲ್ಲ" ಎಂದಿತು.

ತಕ್ಕೋ ಹಿಂದಿರುಗಿ ನೋಡಿದಳು. ಬೆಳಿಗ್ಗೆ ಸೊಂಟದವರೆಗೆ ಇದ್ದ ನೀರು ಮೊಣಕಾಲಿಗಿಳಿದಿತ್ತು. ಅಂಚಿನಲ್ಲಿ ಮೀನುಗಳು ಬಾಯಿ ಬಾಯಿ ಬಿಡುತ್ತಿದ್ದವು.

"ನಡಿ ಅಕ್ಕ" ಎಂದಳು ಜೋಲಿಬಾ. ಅವಳ ದನಿ ತೆಳ್ಳಗಾಗಿತ್ತು. "ಬರ್ತೀನಿ ಅಂದಿದ್ದೀನಲ್ಲ, ಬರ್ತೀನಿ."

ತಕ್ಕೋ ಅಲ್ಲೇ ಕುಕ್ಕರಗಾಲಲ್ಲಿ ಕೂತಳು. ಸತ್ತ ಕರುಗಳು ನೆನಪಾದವು. ತಾಯಿ ಕಣ್ಣಿಗೆ ಕೈ ಅಡ್ಡ ಹಿಡಿದು ದಾರಿ ನೋಡುತ್ತಿರುವುದು ನೆನಪಾಯಿತು. ಇಷ್ಟು ದೂರ ಬಂದದ್ದು ಯಾಕೆ, ಈಗ ಬರಿಗೈಯಲ್ಲಿ ಹೋಗಿ ಏನು ಹೇಳುವುದು? ಅವಳು ಬಹಳ ಹೊತ್ತು ಅತ್ತಳು. ಆಮೇಲೆ ಮುಖ ತೊಳೆದುಕೊಂಡು ಎದ್ದಳು.

"ಸಾಕು ತಂಗೀ. ಇಲ್ಲಿಂದ ತಿರುಗು."

"ನಿನ್ನ ಅಮ್ಮ?"

"ಅಮ್ಮನನ್ನು ನಾನು ಕರೆತರ್ತೀನಿ. ನೀನು ಮೊದಲು ಬದುಕು."

ಅವಳು ಹಸುಗಳನ್ನು ಮೂಡಣಕ್ಕೆ ತಿರುಗಿಸಿದಳು, ಆಮೇಲೆ ತೆಂಕಣಕ್ಕೆ. ಹಸುಗಳು ತಿರುಗಿದಲ್ಲಿ ಹೊಳೆಯೂ ತಿರುಗಿತು. ಮರಳು ಕೋಪದಿಂದ ಎದ್ದು ಬಂತು. ಆದರೆ ಜೋಲಿಬಾ ಆಗಲೇ ಕೈಗೆ ಸಿಗದಷ್ಟು ಮುಂದೆ ಹೋಗಿದ್ದಳು. ಮಳೆ ಬೀಳುವ ನಾಡು ಸೇರಿದ ಮೇಲೆ ಅವಳಿಗೆ ಮತ್ತೆ ಮೈ ತುಂಬಿತು. ಎಷ್ಟೋ ಸುತ್ತಿ, ತಡವಾಗಿ, ಬೇರೆಯೇ ದಿಕ್ಕಿನಿಂದ ಕಡಲಿಗೆ ಹೋದಳು. "ಎಲ್ಲಿ ಹೋಗಿದ್ದೆ ಮಗಳೇ?" ಎಂದು ಕಡಲು ಕೇಳಿತು. "ಒಬ್ಬ ಅಕ್ಕನ ಜೊತೆ" ಎಂದಳು ಜೋಲಿಬಾ.

ಇತ್ತ ತಕ್ಕೋ ಹೊಳೆಯನ್ನು ಬೀಳ್ಕೊಟ್ಟು, ಹಸುಗಳೊಂದಿಗೆ ಮನೆಗೆ ಹೋಗಿ, ತಾಯಿಗೂ ತಮ್ಮ ಜನಕ್ಕೂ ನಡೆದದ್ದನ್ನೆಲ್ಲ ಹೇಳಿದಳು.

"ಬಾಗಿಲವರೆಗೆ ಬಂದ ನೀರನ್ನು ವಾಪಸು ಕಳಿಸಿದೆಯಾ?" ಎಂದಳು ದಿಕ್ಕೋ.

"ಕಳಿಸಿದೆ ಅಮ್ಮ. ಇಲ್ಲವಾದರೆ ಆ ಹುಡುಗಿ ಸಾಯ್ತಿದ್ದಳು. ನೀವೆಲ್ಲ ಏಳಿ, ನೀರಿನ ಹತ್ತಿರ ಹೋಗೋಣ."

ದಿಕ್ಕೋ ಎದ್ದಳು. ಚಾಪೆ ಸುತ್ತಿದಳು, ಹಾಲಿನ ಬುರುಡೆಗಳನ್ನು ಎತ್ತಿಗೆ ಕಟ್ಟಿದಳು. ದಾರಿಯುದ್ದಕ್ಕೂ ಮಗಳ ಮುಖ ನೋಡಲಿಲ್ಲ. ಹೊಳೆ ಹರಡಿ ಮಲಗಿದ್ದ ಬಯಲಿಗೆ ಬಂದಾಗ ನೀರು ಇಳಿಯುತ್ತಿತ್ತು, ನೀರು ಇಳಿದಲ್ಲೆಲ್ಲ ಎದೆಯೆತ್ತರ ಹಸಿರು ಹುಲ್ಲು. ಹಸುಗಳು ತಾವೇ ಓಡಿದವು. ದಿಕ್ಕೋ ಬೊಗಸೆ ತುಂಬ ನೀರು ಕುಡಿದು ಹುಲ್ಲಿನ ಮೇಲೆ ಕೂತಳು.

"ಸಿಹಿಯಾಗಿದೆ ಕಣೇ" ಎಂದಳು ಮಗಳಿಗೆ. ಸ್ವಲ್ಪ ಹೊತ್ತಿನ ಮೇಲೆ, "ಆದರೆ ಮಳೆಗಾಲಕ್ಕೆ ನಮ್ಮ ಬಯಲಿಗೇ ಹೋಗಬೇಕು. ಆ ಹುಲ್ಲಿನ ರುಚಿ ಇದಕ್ಕಿಲ್ಲ" ಎಂದಳು.

"ಹಾಗೇ ಆಗಲಿ ಅಮ್ಮ" ಎಂದಳು ತಕ್ಕೋ.

ಆ ಹೊಳೆಗೆ ಈಗ ನೈಜರ್ ನದಿ ಎಂದು ಹೆಸರು. ಅದಕ್ಕೇ ಮಕ್ಕಳೇ, ನಕ್ಷೆಯಲ್ಲಿ ಅದರ ನೀಲಿ ಗೆರೆಯ ಮೇಲೆ ಬೆರಳಿಟ್ಟು ನೋಡಿದರೆ, ಅದು ಕಡಲಿನ ಹತ್ತಿರವೇ ಹುಟ್ಟಿ, ಕಡಲನ್ನು ಬಿಟ್ಟು ಮರುಭೂಮಿಯವರೆಗೆ ಹೋಗಿ, ಅಲ್ಲಿ ಮೊಣಕೈಯಂತೆ ಬಾಗಿ ತಿರುಗುತ್ತದೆ. ಇಂದಿಗೂ ಪ್ರತಿ ವರ್ಷ ಮಳೆ ನಿಂತ ಮೇಲೆ ಫುಲಾನಿಗಳು ದನಗಳನ್ನು ಹೊಳೆಗೆ ಇಳಿಸಿ, ಈಜಿಸಿಕೊಂಡು ಆ ಹಸಿರು ಬಯಲಿಗೆ ಬರುತ್ತಾರೆ.