ಅಂಚೆಚೀಟಿಯ ಅಂಚು

“ಬುದ್ಧೀ, ಒಬ್ಬಳನ್ನು ಕಳಿಸಿಬಿಟ್ಟರೆ ಉಳಿದ ನಾವೆಲ್ಲ ಭಯವಿಲ್ಲದೆ ಇರಬಹುದಲ್ಲವೇ?” ಎಂದು ಅಡವಯ್ಯ ತನ್ನ ಗುರುಗಳನ್ನು ಕೇಳಿದ.

ಅವನು ಕೇಳಿದ್ದು ಮಠದ ಜಗಲಿಯ ಮೇಲಿದ್ದ ಮುದುಕಿಯ ವಿಷಯ. ಅವಳು ಎಲ್ಲಿಂದಲೋ ನಡೆದು ಬಂದು ಅಲ್ಲಿ ಕೂತಿದ್ದಳು. ಅವಳ ಮಾತು ಆ ಊರಿನಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಬೆಳಕು ಹರಿಯುವ ಹೊತ್ತಿಗೆ ಅವಳು ದಾರಿಯ ಕಡೆ ಮುಖ ಮಾಡಿ ಯಾರನ್ನೋ ಕೂಗಿ ಕರೆಯುತ್ತಿದ್ದಳು. ಅವಳು ಬಂದ ಮೇಲೆ ಬೀದಿಯಲ್ಲಿ ಒಂದು ಕರು ಸತ್ತಿತು. ಒಂದು ಮನೆಯ ಮಗುವಿಗೆ ಜ್ವರ ಬಂದು ಇಳಿಯಲಿಲ್ಲ. ಬೀದಿಯವರು ಅವಳ ಕೂಗಿಗೂ ಇವಕ್ಕೂ ಗಂಟು ಹಾಕಿದರು. “ಇದೇನು ಮಠವೋ, ದೆವ್ವದ ಛತ್ರವೋ?” ಎಂದು ಬಾಗಿಲಲ್ಲಿ ನಿಂತು ಕೇಳಿದರು. ಸಂಜೆಯೊಳಗೆ ಮಠದವರೇ ಅವಳನ್ನು ಕಳಿಸದಿದ್ದರೆ ತಾವು ಬಂದು ಎಳೆದು ಹಾಕುವುದಾಗಿ ಹೇಳಿ ಹೋದರು.

ಅಡವಯ್ಯ ಕೆಟ್ಟವನಲ್ಲ. ದಿನವೂ ಅವಳಿಗೆ ಗಂಜಿ ಕೊಡುತ್ತಿದ್ದವನು ಅವನೇ. ಆದರೆ ಆ ದಿನ ಗಂಜಿಯ ಪಾತ್ರೆಯನ್ನು ಅವಳ ಮುಂದಿಟ್ಟು ಬೇಗನೆ ಒಳಗೆ ಬಂದಿದ್ದ. ಅವನೂ ಆ ಊರಿನವನಲ್ಲ, ದೂರದ ಉತ್ತರದ ಸೀಮೆಯಿಂದ ಬಂದವನು. ಬಂದ ಹೊಸತರಲ್ಲಿ ಬೀದಿಯ ಹುಡುಗರು “ಹೌದ್ರೀ, ಬಂದೇರೀ” ಎಂದು ಅವನ ಮಾತನ್ನು ಅಣಕಿಸುತ್ತ ಹಿಂದೆ ಬರುತ್ತಿದ್ದರು. ಈಗ ಯಾರೂ ಅಣಕಿಸುತ್ತಿರಲಿಲ್ಲ. ಅವನು ಹಾಗೆ ಮಾತಾಡುವುದನ್ನೇ ಬಿಟ್ಟಿದ್ದ.

ಗುರುಗಳು ಅವನನ್ನು ಕೂರಲು ಹೇಳಿ, ಒಂದು ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ಹಳೆಯ ಅಂಚೆಚೀಟಿಗಳನ್ನು ಕೂಡಿಡುವುದು ಅವನ ಹವ್ಯಾಸ. ಅವುಗಳಲ್ಲಿ ಒಂದನ್ನು ಅವನ ಅಣ್ಣ ಸಾಯುವ ಮುಂಚೆ ಅವನ ಕೈಗೆ ಕೊಟ್ಟು, “ಇದು ಕೆಡದ ಹಾಗೆ ನೋಡಿಕೋ ತಮ್ಮಾ” ಎಂದಿದ್ದ. ಅಣ್ಣ ಬೇರೇನನ್ನೂ ಬಿಟ್ಟು ಹೋಗಿರಲಿಲ್ಲ.

ಅಂಚೆಚೀಟಿಗಳು ದೊಡ್ಡ ಹಾಳೆಯಲ್ಲಿ ಅಚ್ಚಾಗುತ್ತವೆ. ಹಾಳೆಯ ಸುತ್ತ ಬರಿಯ ಕಾಗದದ ಅಂಚು ಇರುತ್ತದೆ. ಅಣ್ಣ ಕೊಟ್ಟದ್ದು ಸಾಲಿನ ಕೊನೆಯ ಚೀಟಿ. ಅದರ ಬದಿಯಲ್ಲಿ ಅಂಚಿನ ಒಂದು ಪಟ್ಟಿ ಹಾಗೆಯೇ ಉಳಿದಿತ್ತು. ಪುಸ್ತಕದಲ್ಲಿ ಅಂಟಿಸುವಾಗ ಅಣ್ಣ ಗೋಂದನ್ನು ಚೀಟಿಯ ಬೆನ್ನಿಗೆ ತಾಗಿಸಿರಲಿಲ್ಲ. ಅಂಚಿನ ಬೆನ್ನಿಗೆ ಹಚ್ಚಿದ್ದ. ಚಿಮಟದಿಂದ ಎತ್ತುವಾಗಲೂ ಅಂಚನ್ನೇ ಹಿಡಿಯುತ್ತಿದ್ದ. ಹೀಗಾಗಿ ಚೀಟಿ ಅಚ್ಚಿನ ಮನೆಯಿಂದ ಬಂದಾಗ ಹೇಗಿತ್ತೋ ಹಾಗೇ ಇತ್ತು.

ಒಂದು ಬೆಳಿಗ್ಗೆ ವರ್ತಕ ಪುಸ್ತಕ ತೆರೆದಾಗ ಆ ಅಂಚಿನ ಮೇಲೆ ಒಂದು ಕಂದು ಚುಕ್ಕೆ ಕಂಡಿತು. ಸಾಸಿವೆಗಿಂತ ಚಿಕ್ಕದು. ಅಂದಿನಿಂದ ಅವನು ಮುಖ ತೊಳೆಯುವ ಮೊದಲೇ ಪುಸ್ತಕ ತೆರೆದು ನೋಡತೊಡಗಿದ. ಚುಕ್ಕೆ ಬೆಳೆದಂತೆಯೂ ಕಾಣುತ್ತಿತ್ತು, ಬೆಳೆಯದಂತೆಯೂ ಕಾಣುತ್ತಿತ್ತು. ಅದು ಅಂಚನ್ನು ದಾಟಿ ಚೀಟಿಗೆ ಹಬ್ಬಿದರೆ ಅಣ್ಣನಿಗೆ ಏನು ಹೇಳಲಿ ಎಂದು, ಸತ್ತ ಅಣ್ಣನಿಗೆ ಹೆದರಿದ.

ಅವನಂತೆಯೇ ಚೀಟಿ ಕೂಡಿಡುವ ಹಿರಿಯನೊಬ್ಬ ಅದೇ ಪೇಟೆಯಲ್ಲಿದ್ದ. ವರ್ತಕ ಅವನನ್ನು ಮನೆಗೆ ಕರೆದು ತೋರಿಸಿ, “ಈ ಅಂಚನ್ನು ಹರಿದು ಹಾಕಲೇ, ಇರಗೊಡಲೇ?” ಎಂದು ಕೇಳಿದ.

ಹಿರಿಯ ಕನ್ನಡಕ ಏರಿಸಿ ನೋಡಿದ. “ಇರಲಿ ಬಿಡಯ್ಯಾ. ಚುಕ್ಕೆ ಅಂಚಿನಲ್ಲಿ ಹುಟ್ಟಿದ್ದಲ್ಲ, ಅಂಚಿಗೆ ಮೊದಲು ಬಂದಿದೆ, ಅಷ್ಟೆ. ಪುಸ್ತಕ ಇಡುವ ಈ ಬೀರುವನ್ನು ಯಾವ ಗೋಡೆಗೆ ಒರಗಿಸಿದ್ದೀಯ, ಅದನ್ನು ನೋಡು.”

“ನಾನು ಚೀಟಿಯ ಗತಿ ಕೇಳಿದರೆ ನೀವು ಬೀರುವಿನ ಜಾತಕ ತೆಗೆಯುತ್ತೀರಲ್ಲಾ! ತೇಗದ್ದು ಸ್ವಾಮಿ, ನಮ್ಮ ತಂದೆಯ ಕಾಲದ್ದು.”

“ಹಾಗಾದರೆ ನಿಮ್ಮ ತಂದೆಯನ್ನೇ ಕೇಳು” ಎಂದು ಹಿರಿಯ ನಕ್ಕು ಚಪ್ಪಲಿ ಮೆಟ್ಟಿಕೊಂಡ.

ಭಾರದ ಬೀರು. ಅದನ್ನು ಸರಿಸಲು ಆಳುಗಳು ಬೇಕು. ಅಂಚನ್ನು ಹರಿಯಲು ಎರಡು ಬೆರಳು ಸಾಕು. ವರ್ತಕ ಅದೇ ದಿನ ಚೀಟಿಗೂ ಅಂಚಿಗೂ ನಡುವಿನ ತೂತುಗಳ ಸಾಲಿನ ಮೇಲೆ ಅಂಚನ್ನು ಹಿಂದಕ್ಕೂ ಮುಂದಕ್ಕೂ ಮಡಿಸಿ, ಉಸಿರು ಹಿಡಿದು ಹರಿದ. ಚೀಟಿಗೆ ಏನೂ ಆಗಲಿಲ್ಲ. ಹರಿದ ಪಟ್ಟಿಯನ್ನು ಜೇಬಿಗೆ ಹಾಕಿಕೊಂಡು ಹೋಗಿ ಅಂಗಡಿಯ ಮೇಜಿನ ಖಾನೆಗೆ ಎಸೆದ. ಆ ದಿನ ಎರಡು ಸಲ ಬಡಿಸಿಕೊಂಡು ಉಂಡ.

ಆಮೇಲೆ ಚೀಟಿಯನ್ನು ಪುಸ್ತಕಕ್ಕೆ ಮತ್ತೆ ಅಂಟಿಸಬೇಕಾಯಿತು. ಗೋಂದು ಹಚ್ಚಲು ಈಗ ಅದರ ಬೆನ್ನಲ್ಲದೆ ಬೇರೆ ಜಾಗವಿರಲಿಲ್ಲ. ಹಚ್ಚಿದ. ಎತ್ತಲು ಅದರ ಸುತ್ತಲಿನ ಗರಗಸದಂಥ ಹಲ್ಲುಗಳಲ್ಲದೆ ಬೇರೆ ಹಿಡಿಯಿರಲಿಲ್ಲ. ಹಿಡಿದ.

ಕೆಲವು ವಾರ ಕಳೆದವು. ಒಂದು ಹಲ್ಲಿನ ತುದಿಯಲ್ಲಿ ಕಂದು ಚುಕ್ಕೆ ಕಂಡಿತು. ‘ಹರಿಯುವುದು ತಡವಾಯಿತು, ಅಷ್ಟರಲ್ಲೇ ದಾಟಿಬಿಟ್ಟಿದೆ’ ಎಂದುಕೊಂಡ. ಕತ್ತರಿ ತಂದು ಆ ಬದಿಯ ಹಲ್ಲುಗಳನ್ನು ಕತ್ತರಿಸಿದ. ಚುಕ್ಕೆ ಇನ್ನೊಂದು ಬದಿಗೆ ಬಂತು. ಆ ಬದಿಯನ್ನೂ ಕತ್ತರಿಸಿದ. ಕತ್ತರಿಸುವಾಗಲೆಲ್ಲ, ಉಳಿದದ್ದನ್ನು ಉಳಿಸುತ್ತಿದ್ದೇನೆ ಎಂದುಕೊಳ್ಳುತ್ತಿದ್ದ. ಕೊನೆಗೆ ಚೀಟಿಯ ಮೇಲಿನ ಚಿತ್ರದಲ್ಲೇ ಚುಕ್ಕೆ ಎದ್ದಿತು. ಚಿತ್ರ ಒಂದು ಹಡಗಿನದು. ಕತ್ತರಿಗೆ ಇನ್ನು ಬೇರೆ ಬದಿ ಉಳಿದಿರಲಿಲ್ಲ.

ಒಂದು ದಿನ ಅಂಗಡಿಯಲ್ಲಿ ಸೂಜಿ ಹುಡುಕುವಾಗ ಖಾನೆಯಲ್ಲಿ ಆ ಅಂಚಿನ ಪಟ್ಟಿ ಸಿಕ್ಕಿತು. ಅವನು ಅದನ್ನು ಬೆಳಕಿಗೆ ಹಿಡಿದ. ಚುಕ್ಕೆ ಅಷ್ಟೇ ಇತ್ತು. ಸಾಸಿವೆಗಿಂತ ಚಿಕ್ಕದು. ಉಳಿದ ಕಾಗದ ಬೆಳ್ಳಗಿತ್ತು.

ವರ್ತಕ ಅಂಗಡಿಯನ್ನು ತೆರೆದಿಟ್ಟೇ ಮನೆಗೆ ಓಡಿದ. ಆಳುಗಳನ್ನು ಕರೆದು ಬೀರುವನ್ನು ಸರಿಸಿದ. ಗೋಡೆಯ ಆಚೆ ಬಚ್ಚಲಮನೆ. ಬೀರುವಿನ ಹಿಂದೆ ಗೋಡೆ ಅಡಿಯಿಂದ ಮುಡಿಯವರೆಗೆ ಬೂಷ್ಟು ಹಿಡಿದು ಕಪ್ಪಾಗಿತ್ತು. ಅವನು ಅಂಗೈ ಇಟ್ಟು ನೋಡಿದ. ಅಂಗೈ ಒದ್ದೆಯಾಯಿತು.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

ಹೊರಗೆ ಬೀದಿಯ ತಿರುವಿನಲ್ಲಿ ಜನರ ಗದ್ದಲ ಕೇಳಿಸಿತು. ಜಗಲಿಯ ಮೇಲೆ ಮುದುಕಿ ತನ್ನ ಭಾಷೆಯಲ್ಲಿ ಏನೋ ಕೇಳಿದಳು. ಅಡವಯ್ಯ ಎದ್ದು ನಿಂತ. ಭಯದಲ್ಲಿ ಅವನ ಹಳೆಯ ಮಾತು ಬಾಯಿಗೆ ಬಂತು.

“ಅವರು ಬರಾಕತ್ಯಾರ್ರೀ, ಬುದ್ಧೀ. ಈಗ ನಾ ಏನ್ ಮಾಡ್ಲಿರೀ?”

ಗುರುಗಳು ಆ ಮಾತನ್ನು ಗಮನಿಸಿದರು. ಗದ್ದಲ ಮಠದ ಹತ್ತಿರಕ್ಕೆ ಬಂತು. ಅವರು ಮೆಲ್ಲಗೆ ಹೇಳಿದರು:

“ಅವಳನ್ನು ಕಳಿಸಿದರೆ, ಅಡವಯ್ಯ, ಆಮೇಲೆ ಬಾಗಿಲಿಗೆ ಹತ್ತಿರ ಇರುವವನು ನೀನು.”