ಕಾರಿನ ಹೊಟ್ಟೆಯಲ್ಲಿ ಸೀಸ

ಶಿಷ್ಯ ಕೇಳಿದ: "ಗುರುಗಳೇ, ಎದುರಾಳಿಯ ತಪ್ಪು ಅವನಿಗಿಂತ ಮೊದಲು ನಮ್ಮ ಕಣ್ಣಿಗೆ ಬಿದ್ದರೆ ಅದನ್ನು ಅವನಿಗೆ ಹೇಳಬೇಕೆ? ಹೇಳಬೇಕೆಂದು ಯಾವ ನಿಯಮವೂ ಇಲ್ಲವಲ್ಲ."

ಮರುದಿನ ಅವನಿಗೆ ಇನ್ನೊಂದು ಪಾಠಶಾಲೆಯ ವಿದ್ಯಾರ್ಥಿಯೊಡನೆ ವಾದವಿತ್ತು. ಆ ವಿದ್ಯಾರ್ಥಿ ಒಂದು ಸೂತ್ರವನ್ನು ತಪ್ಪಾಗಿ ಹೇಳಿಕೊಳ್ಳುತ್ತಿದ್ದುದನ್ನು ಇವನು ಊಟದ ಪಂಕ್ತಿಯಲ್ಲಿ ಕೇಳಿಸಿಕೊಂಡಿದ್ದ. ಗುರುಗಳಿಗೆ ಅದು ಗೊತ್ತಿತ್ತು. ಆ ಮಾತೆತ್ತದೆ ಅವರು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಆಟಿಕೆ ಕಾರುಗಳ ಓಟದ ಸಂಘವಿತ್ತು. ಸದಸ್ಯರೆಲ್ಲ ಸಂಸಾರಸ್ಥರು, ತಲೆ ನರೆತವರು. ಉದ್ದನೆಯ ಹಲಗೆಯ ಮೇಲೆ ಅಕ್ಕಪಕ್ಕದಲ್ಲಿ ಸುತ್ತಿ ಬಳಸಿ ಬರುವ ಎರಡು ದಾರಿ. ಒಂದೊಂದು ದಾರಿಯ ನಡುವೆಯೂ ಕೊರೆದ ಗೀರು. ಗೀರಿನ ಎರಡು ಬದಿಗೂ ವಿದ್ಯುತ್ ಹರಿಯುವ ಉಕ್ಕಿನ ಪಟ್ಟಿ. ಅಂಗೈಯಷ್ಟಿರುವ ಕಾರು ತನ್ನ ಮೂತಿಯ ಕೆಳಗಿನ ಕಡ್ಡಿಯನ್ನು ಗೀರಿಗೆ ಇಳಿಬಿಟ್ಟುಕೊಂಡು ಓಡುತ್ತದೆ. ಓಡಿಸುವವನ ಕೈಯಲ್ಲಿ ಇರುವುದು ಒಂದು ಒತ್ತುಗುಂಡಿ. ಹೆಚ್ಚು ಒತ್ತಿದರೆ ಹೆಚ್ಚು ವೇಗ. ತಿರುವಿನಲ್ಲಿ ಬೆರಳು ಸಡಿಲಿಸದಿದ್ದರೆ ಕಾರು ಗೀರು ಬಿಟ್ಟು ಹಾರಿ ಗೋಡೆಗೆ ಬಡಿಯುತ್ತದೆ.

ಮೊದಲೆಲ್ಲ ಕಾರಿನ ಹೊಟ್ಟೆಗೆ ಅಯಸ್ಕಾಂತ ಅಂಟಿಸುತ್ತಿದ್ದರು. ಅದು ಉಕ್ಕಿನ ಪಟ್ಟಿಯನ್ನು ಕಚ್ಚಿ ಹಿಡಿಯುವುದರಿಂದ ಕಾರು ಹಾರುತ್ತಿರಲಿಲ್ಲ. ಕೊನೆಗೆ ಯಾರ ಅಯಸ್ಕಾಂತ ದೊಡ್ಡದೋ ಅವರದೇ ಗೆಲುವು ಎಂಬಂತಾಯಿತು. ಒಂದು ವರ್ಷ ಸಂಘ ಹೊಸ ನಿಯಮ ಮಾಡಿತು. ಅಯಸ್ಕಾಂತ ಕೂಡದು. ಗೊತ್ತುಪಡಿಸಿದ ತೂಕಕ್ಕಿಂತ ಕಾರು ಹಗುರವಾಗಿರಕೂಡದು. ಮೋಟಾರನ್ನು ಸಂಘದ ಡಬ್ಬಿಯೊಳಗೆ ಕೈಹಾಕಿ, ಕಣ್ಣು ಮುಚ್ಚಿ ಎತ್ತಿಕೊಳ್ಳಬೇಕು. ಓಟಕ್ಕೆ ಮುಂಚೆ ಕಾರಿನ ಕವಚ ಬಿಚ್ಚಿ ಪರೀಕ್ಷಿಸಬೇಕು. ಪರೀಕ್ಷಿಸುವವನು ಎದುರಾಳಿಯೇ ಆಗಿರಬೇಕು. ತಪ್ಪು ಹುಡುಕುವ ಆಸೆ ಅವನಿಗಿದ್ದಷ್ಟು ಇನ್ನಾರಿಗೂ ಇರುವುದಿಲ್ಲ ಎಂದು ಹಿರಿಯ ಸದಸ್ಯರು ಯೋಚಿಸಿದ್ದರು.

ಆ ಸಂಘದಲ್ಲಿ ಒಬ್ಬ ದಂತವೈದ್ಯೆ ಇದ್ದಳು. ಪ್ರತಿ ವರ್ಷವೂ ಕೊನೆಯ ಓಟದವರೆಗೆ ಬರುತ್ತಿದ್ದಳು. ಪ್ರತಿ ವರ್ಷವೂ ಒಬ್ಬ ಜವಳಿ ವ್ಯಾಪಾರಿಗೆ ಸೋಲುತ್ತಿದ್ದಳು. ಅವಳು ಒಳಗೆ ಬಂದರೆ 'ಸೆಕೆಂಡ್ ಡಾಕ್ಟ್ರು ಬಂದರು' ಎಂದು ನಗುವುದು ರೂಢಿಯಾಗಿತ್ತು. ಅವಳೂ ಜೊತೆಗೆ ನಗುತ್ತಿದ್ದಳು. ಅಯಸ್ಕಾಂತವೊಂದು ಇಲ್ಲದಿದ್ದರೆ ಇವನನ್ನು ಸೋಲಿಸುತ್ತೇನೆ ಎಂದು ಒಳಗೊಳಗೇ ಹೇಳಿಕೊಳ್ಳುತ್ತಿದ್ದಳು. ಈಗ ಅಯಸ್ಕಾಂತ ಹೋಗಿತ್ತು. ಈ ಸಲವೂ ಸೋತರೆ ಹೇಳಿಕೊಳ್ಳಲು ಏನೂ ಇರಲಿಲ್ಲ.

ಕೊನೆಯ ಓಟದ ದಿನ ವ್ಯಾಪಾರಿಯ ಕಾರು ಪರೀಕ್ಷೆಗೆ ಅವಳ ಕೈಗೆ ಬಂತು.

"ಚೆನ್ನಾಗಿ ನೋಡಿ ಡಾಕ್ಟ್ರೇ," ಎಂದ ವ್ಯಾಪಾರಿ. "ಹುಳುಕು ಹಲ್ಲೇನಾದರೂ ಇದ್ದರೆ ಕಿತ್ತುಬಿಡಿ."

"ಬಾಯಿ ಮುಚ್ಚಿಕೊಂಡಿರಿ ಶೆಟ್ರೇ. ನನ್ನ ಕುರ್ಚಿಯಲ್ಲಿ ಕೂತಾಗ ತೆರೆದರೆ ಸಾಕು."

ಅವಳು ಕವಚ ಬಿಚ್ಚಿದಳು. ಅಯಸ್ಕಾಂತವಿರಲಿಲ್ಲ. ತೂಕ ಸರಿಯಿತ್ತು. ಮೋಟಾರು ಸಂಘದ್ದೇ. ಆದರೆ ಅಯಸ್ಕಾಂತ ತೆಗೆದ ಮೇಲೆ ತೂಕ ತುಂಬಿಸಲೆಂದು ವ್ಯಾಪಾರಿ ಅದು ಕೂತಿದ್ದ ಕುಳಿಯಲ್ಲೇ ಸೀಸದ ತುಂಡೊಂದನ್ನು ಅವಸರದಲ್ಲಿ ತುರುಕಿದ್ದ. ಸೀಸದ ಅಂಚು ಮೋಟಾರಿನ ತಂತಿಗಳ ಮೇಲೆ ಕೂತಿತ್ತು. ತಂತಿಯ ಹೊದಿಕೆ ಆಗಲೇ ಸವೆದಿತ್ತು. ಇನ್ನಷ್ಟು ಸುತ್ತು ಉಜ್ಜಿದರೆ ಸೀಸ ಎರಡು ತಂತಿಗೂ ತಗುಲಿ ಕಾರು ನಡುದಾರಿಯಲ್ಲಿ ನಿಲ್ಲುತ್ತದೆ. ಕೂದಲೆಳೆಯಷ್ಟು ಬಿರುಕನ್ನು ಹಲ್ಲಿನಲ್ಲಿ ಹುಡುಕಿ ಅಭ್ಯಾಸವಾದ ಕಣ್ಣಿಗೆ ಇದು ಎದ್ದು ಕಂಡಿತು.

ತೂಕ ಎಷ್ಟಿರಬೇಕೆಂದು ನಿಯಮ ಹೇಳಿತ್ತು. ತೂಕವನ್ನು ಎಲ್ಲಿಡಬೇಕೆಂದು ಹೇಳಿರಲಿಲ್ಲ. 'ಸರಿಯಿದೆ' ಎಂದರೆ ಅವಳ ಕೆಲಸ ಮುಗಿಯುತ್ತಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ.

ಅವಳು ಕವಚ ಮುಚ್ಚಿದಳು. ಮತ್ತೆ ಬಿಚ್ಚಿದಳು.

"ನಿಯಮದ ಮಟ್ಟಿಗೆ ಸರಿಯಿದೆ ಶೆಟ್ರೇ. ಆದರೆ ನಿಮ್ಮ ಸೀಸ ತಂತಿಯನ್ನು ತಿನ್ನುತ್ತಿದೆ. ಓಟ ಮುಗಿಯುವವರೆಗೆ ಇದು ಬಾಳುವುದಿಲ್ಲ."

"ಓಟಕ್ಕೆ ಮೊದಲೇ ಹೆದರಿಸುವುದು ಯಾವಾಗ ಕಲಿತಿರಿ?"

"ಕನ್ನಡಕ ಹಾಕಿಕೊಂಡು ನೋಡಿ."

ವ್ಯಾಪಾರಿ ನೋಡಿದ. ತಂತಿ ಬದಲಿಸಿದ, ಸೀಸವನ್ನು ಕಿತ್ತು ಹೊಟ್ಟೆಯ ನಟ್ಟನಡುವೆ ಕೂರಿಸಿದ. ಅದರಿಂದ ಯಾರೂ ಎಣಿಸದ ಒಂದು ಸಂಗತಿ ನಡೆಯಿತು. ಭಾರ ಇರಬೇಕಾದ ಕಡೆ ಬಂದು ಕೂತಿತ್ತು. ಪರೀಕ್ಷೆಗೆ ಓಡಿಸಿದಾಗ ಕಾರು ತಿರುವುಗಳಲ್ಲಿ, ಅಯಸ್ಕಾಂತ ತೆಗೆದ ಮೇಲೆ ಎಂದೂ ಇಲ್ಲದಷ್ಟು ಬಿಗಿಯಾಗಿ ಸಾಗಿತು.

"ಡಾಕ್ಟ್ರು ಕೈಯಾರೆ ಶೆಟ್ರ ಕಾರಿಗೆ ಹಲ್ಲು ಕಟ್ಟಿಕೊಟ್ಟರಪ್ಪ," ಎಂದು ಹಿಂದೆ ಯಾರೋ ಅಂದರು. ಎಲ್ಲರೂ ನಕ್ಕರು. ಈ ಸಲ ಅವಳು ನಗಲಿಲ್ಲ. ಸೆರಗಿನಿಂದ ಅಂಗೈ ಒರೆಸಿಕೊಂಡು ಒತ್ತುಗುಂಡಿ ಹಿಡಿದಳು.

ಓಟ ಶುರುವಾಯಿತು. ವ್ಯಾಪಾರಿಯ ಕಾರು ಮೊದಲಿಂದಲೇ ಮುಂದಿತ್ತು. ನೇರ ದಾರಿಯಲ್ಲಿ ಇಬ್ಬರೂ ಸಮ. ತಿರುವಿನಲ್ಲಿ ಅವನು ಒಂದು ಬೆರಳಷ್ಟು ಗಳಿಸುತ್ತಿದ್ದ. ಅವಳು ಆ ಕಾರನ್ನು ನೋಡುವುದು ಬಿಟ್ಟಳು. ತನ್ನ ಬೆರಳನ್ನು ಮಾತ್ರ ಗಮನಿಸಿದಳು. ನರ ಎಲ್ಲಿದೆಯೆಂದು ತಿಳಿಯದೆ ಹಲ್ಲು ಕೊರೆಯುವಾಗ ಕೈ ಹೇಗೆ ತಾನಾಗಿ ಹಗುರವಾಗುತ್ತದೋ, ಹಾಗೆ ಪ್ರತಿ ತಿರುವಿಗೂ ಬೆರಳು ಹಗುರವಾಗತೊಡಗಿತು. ಇನ್ನು ಹಾರಿತು ಅನ್ನುವಷ್ಟು ವೇಗ, ಆದರೆ ಹಾರಲಿಲ್ಲ. ಬೆರಳಷ್ಟಿದ್ದ ಅಂತರ ಉಗುರಿನಷ್ಟಾಯಿತು. ಕೊನೆಯ ತಿರುವಿಗೆ ಇಬ್ಬರೂ ಒಟ್ಟಿಗೆ ಬಂದರು. ವ್ಯಾಪಾರಿ ಆತುರದಲ್ಲಿ ಒಂದು ಕ್ಷಣ ಮುಂಚೆ ಗುಂಡಿ ಒತ್ತಿದ. ಅವನ ಕಾರಿನ ಬಾಲ ತುಸು ತೂಗಿತು, ಅಷ್ಟೇ. ಅಷ್ಟರಲ್ಲಿ ಅವಳ ಕಾರು ಪಕ್ಕದಿಂದ ನುಗ್ಗಿ ಗೆರೆ ದಾಟಿತ್ತು.

ಜನ ಕುರ್ಚಿ ಬಿಟ್ಟು ಎದ್ದರು. ಹಲಗೆಯನ್ನು ತಟ್ಟಿದರು, ಗೋಡೆಯನ್ನು ತಟ್ಟಿದರು, ಒಬ್ಬರ ಬೆನ್ನನ್ನೊಬ್ಬರು ತಟ್ಟಿದರು. ವ್ಯಾಪಾರಿ ಗುಂಡಿಯನ್ನು ಕೆಳಗಿಟ್ಟು ಅವಳ ಬಳಿಗೆ ಬಂದ.

"ನೆಪ ಹೇಳೋಣವೆಂದರೆ ನನಗೆ ಒಂದನ್ನೂ ಉಳಿಸಲಿಲ್ಲವಲ್ಲ ಡಾಕ್ಟ್ರೇ," ಎಂದು ಅವಳ ಕೈಯನ್ನು ಎಲ್ಲರಿಗೂ ಕಾಣುವಂತೆ ಮೇಲೆತ್ತಿ ಹಿಡಿದ. ಅವಳು ಆ ಕೈಯನ್ನು ಬಹಳ ಹೊತ್ತು ಇಳಿಸಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಕೇಳಿದ: "ಸುಮ್ಮನಿದ್ದಿದ್ದರೂ ಅವಳೇ ಗೆಲ್ಲುತ್ತಿದ್ದಳಲ್ಲವೆ ಗುರುಗಳೇ? ಇಷ್ಟು ಕಷ್ಟವೂ ಇರುತ್ತಿರಲಿಲ್ಲ."

"ಗೆಲ್ಲುತ್ತಿದ್ದಳು," ಎಂದರು ಗುರುಗಳು. "ಗೆಲ್ಲಬಲ್ಲೆ ಎಂಬುದು ಮಾತ್ರ ಅವಳಿಗೆ ಎಂದೂ ತಿಳಿಯುತ್ತಿರಲಿಲ್ಲ."